ಹೆಚ್ಚಿಗೆ ಹಾಕಿದ ಬುಟ್ಟಿ

ಬೂದಿಗೆ ಹಸಿರು ಬಣ್ಣ ಹಚ್ಚುವ ಕೆಲಸ ಬಂದಾಗ ಕಾರ್ಖಾನೆಯವರಿಗೆ ಕೇರಿಯ ಹೆಂಗಸರ ನೆನಪಾಯಿತು. ಅಲ್ಲಿಯವರೆಗೆ ಕೇರಿ ಅನ್ನುವುದೊಂದು ಇದೆ ಎನ್ನುವುದೇ ಅವರ ತಲೆಯಲ್ಲಿರಲಿಲ್ಲ. ಇದ್ದಿದ್ದರೆ ಅದರ ನೆತ್ತಿಯ ಮೇಲೆ ತಂದು ಬೂದಿ ಸುರಿಯುತ್ತಿದ್ದರೇ?

ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಕಾರ್ಖಾನೆ. ಕರೆಂಟು ತಂತಿ ಹಿಡಿದು ದೂರದ ಊರುಗಳಿಗೆ ಹೋಗುತ್ತದೆ. ಬೂದಿ ಇಲ್ಲೇ ಉಳಿಯುತ್ತದೆ. ಅದನ್ನು ನೀರಲ್ಲಿ ಕಲಸಿ, ದಪ್ಪ ಪೈಪಿನಲ್ಲಿ ತಳ್ಳಿ, ಕೇರಿಯ ಮೇಲ್ಗಡೆ ಕಟ್ಟಿದ ಹೊಂಡಕ್ಕೆ ಬಿಡುತ್ತಾರೆ. ಹೊಂಡ ತುಂಬಿತು. ಒಡ್ಡು ಎತ್ತರಿಸಿದರು. ಮತ್ತೆ ತುಂಬಿತು. ಈಗ ಅದು ಗುಡ್ಡ. ಕರೆಯುವುದು ಮಾತ್ರ ಇನ್ನೂ ಹೊಂಡ ಅಂತಲೇ.

ಒಣಗಿದ ಬೂದಿ ಗಾಳಿಗೆ ಏಳುತ್ತದೆ. ವರ್ಷಗಟ್ಟಲೆ ಅದು ಕೇರಿಯವರ ಅನ್ನದ ಮೇಲೆ, ಮಕ್ಕಳ ರೆಪ್ಪೆಯ ಮೇಲೆ ಕೂತಿತು. ಯಾರೂ ಯಾಕೆ ಅಂತ ಕೇಳಲಿಲ್ಲ. ಒಂದು ಬೇಸಿಗೆ ಗಾಳಿ ದಿಕ್ಕು ಬದಲಿಸಿತು, ಬೂದಿ ಊರಿನವರು ಒಗೆದು ಹಾಕಿದ ಬಟ್ಟೆಯ ಮೇಲೆ ಕೂತಿತು ನೋಡಿ, ಊರಿಗೆ ಊರೇ ಗೇಟಿನ ಮುಂದೆ ಬಂದು ನಿಂತಿತು. ತಿಂಗಳು ತುಂಬುವುದರೊಳಗೆ ಹಸಿರು ಸಾಹೇಬ ಬಂದ.

ಅವನಿಗೆ ಬೇರೆ ಹೆಸರಿತ್ತು. ಹಸಿರು ಟೋಪಿ ಹಾಕಿಕೊಂಡು, ಬಾಯಿ ಬಿಟ್ಟರೆ ಹಸಿರು ಹಸಿರು ಅನ್ನುತ್ತಿದ್ದದ್ದರಿಂದ ಹೆಂಗಸರು ಹಾಗೆ ಕರೆದರು. ಅವನ ಲೆಕ್ಕ ಸುಲಭವಾಗಿತ್ತು. ಬೂದಿಯ ಮೇಲೆ ಗೊಬ್ಬರ ಹರಡುವುದು, ಹುಲ್ಲು ಬಿತ್ತುವುದು, ಬೇರು ಬೂದಿಯನ್ನು ಹಿಡಿಯುವುದು, ಊರಿನವರು ಸುಮ್ಮನಾಗುವುದು. ಗೊಬ್ಬರ ಅಂದರೆ ಊರಿನ ಕಕ್ಕಸು ಗುಂಡಿಗಳ ಕೆಸರು, ಕೊಟ್ಟಿಗೆಯ ಸಗಣಿ, ಮಾರುಕಟ್ಟೆಯ ಕೊಳೆತ ತರಕಾರಿ, ಎಲ್ಲ ಒಟ್ಟಿಗೆ ಕೊಳೆಸಿದ್ದು. ಟ್ರ್ಯಾಕ್ಟರು ಹತ್ತಿಸಿ ನೋಡಿದರು. ಚಕ್ರ ಬೂದಿಯಲ್ಲಿ ಅರ್ಧ ಹೂತುಹೋಯಿತು. ಹಾಗಾದರೆ ಇನ್ನೇನು ಹತ್ತುತ್ತದೆ? ಹೆಂಗಸರ ತಲೆ ಹತ್ತುತ್ತದೆ.

"ನಿಮ್ಮವರಿಗೆ ಇದೇನು ಹೊಸದಲ್ಲವಲ್ಲ" ಅಂದ ಸಾಹೇಬ, ಮೇಸ್ತ್ರಿಯ ಹತ್ತಿರ. ನಗುತ್ತಲೇ ಅಂದ. ಊರಿನ ಕಕ್ಕಸು ಗುಂಡಿ ಬಳಿಯುತ್ತ ಬಂದವರು ಕೇರಿಯ ಗಂಡಸರು. ಅದನ್ನು ನೆನಪಿಟ್ಟುಕೊಂಡು ಆಡಿದ ಮಾತು.

ಮೇಸ್ತ್ರಿಯೂ ಕೇರಿಯವನೇ. ಕೇರಿಯಲ್ಲಿ ಬೂಟು ಇದ್ದವನು ಅವನೊಬ್ಬನೇ. ಕಾರ್ಖಾನೆ ಕೊಟ್ಟ ಕಪ್ಪು ಬೂಟು, ಮುಂಗಾಲಿಗೆ ಕಬ್ಬಿಣದ ತಗಡು. ಕೆಲಸದ ಜಾಗದಲ್ಲಿ ಅವನು ಅದನ್ನು ಬಿಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ಸಾಹೇಬನ ಮಾತಿಗೆ ಅವನೂ ಹಲ್ಲು ಕಿರಿದ. ಅದು ಸಿಡುಕಿಯ ಕಣ್ಣಿಗೆ ಬಿತ್ತು. ಸಾಹೇಬನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಅವನ ಮೇಲೆ ಬಂತು. ಯಾಕೆಂದರೆ ಅವನು ಅವಳ ಗಂಡನ ಸ್ವಂತ ಅಣ್ಣ.

ಸಿಡುಕಿ ಅನ್ನುವುದು ಹೆಂಗಸರು ಇಟ್ಟ ಹೆಸರು. ಒಂದು ಮಾತಿಗೆ ಎರಡು ಮಾತು ತಿರುಗಿಸಿ ಕೊಡುವವಳು. ಗಂಡ ಲಾರಿ ಹತ್ತಿ ಹೋದರೆ ವಾರಗಟ್ಟಲೆ ಮನೆ ಕಡೆ ತಲೆ ಹಾಕುವುದಿಲ್ಲ. ಮನೆಯಲ್ಲಿ ಅವಳು, ಅವಳ ಅತ್ತೆ, ಒಂದು ಕೋಣೆ, ಒಂದು ಕಿಟಕಿ. ಕಿಟಕಿ ತೆರೆದರೆ ಬೂದಿ ಗುಡ್ಡ. ಹಾಗಾಗಿ ಅದನ್ನು ತೆರೆಯುವುದಿಲ್ಲ.

ಬೆಳಕು ಹರಿಯುವಾಗ ಕೆಲಸ ಶುರು. ಸೀರೆಯ ತುಂಡು ಸುತ್ತಿ ಸಿಂಬಿ ಮಾಡಿ, ತಲೆಯ ಮೇಲಿಟ್ಟು, ಅದರ ಮೇಲೆ ಬುಟ್ಟಿ. ಹಸಿ ಗೊಬ್ಬರದ ರಸ ಬುಟ್ಟಿಯ ಸಂದಿಯಿಂದ ಸೋರಿ ಹಣೆಗೆ, ಕಿವಿಯ ಹಿಂದಕ್ಕೆ, ಕತ್ತಿನಿಂದ ಬೆನ್ನಿಗೆ ಇಳಿಯುತ್ತದೆ. ಒರೆಸಿಕೊಳ್ಳೋಣ ಅಂದರೆ ಎರಡೂ ಕೈ ಮೇಲಿವೆ. ಕಾಲ ಕೆಳಗೆ ಬೂದಿ. ಒಣಗಿದ್ದರೆ ಮೀನಖಂಡದವರೆಗೆ ನುಂಗುತ್ತದೆ. ಒದ್ದೆಯಾಗಿದ್ದರೆ ಬೆರಳ ಸಂದಿಯಲ್ಲಿ ಕೂತು ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಸಂಜೆ ಅದನ್ನು ಕೀಳುವಾಗ ಚರ್ಮವೂ ಜೊತೆಗೆ ಬರುತ್ತದೆ. ತುಟಿ ಒಡೆಯುತ್ತದೆ. ಉಗುಳಿದರೆ ಬೂದು.

ಚಹಾ ಕುಡಿಯಲು ಕ್ಯಾಂಟೀನಿಗೆ ಹೋದರೆ ಒಳಗೆ ಬಿಡುವುದಿಲ್ಲ. "ಗೊಬ್ಬರದವರು ಕಿಟಕಿಗೆ ಬನ್ನಿ" ಅನ್ನುತ್ತಾನೆ ಚಹಾದವನು. ಕಿಟಕಿಯಿಂದ ಕಾಗದದ ಲೋಟ ಬರುತ್ತದೆ. ಒಳಗಿನವರಿಗೆ ಗಾಜಿನ ಲೋಟ.

"ನಮಗೆ ಹೊಸ ಲೋಟ, ಅವರಿಗೆ ಎಂಜಲು ಲೋಟ" ಅನ್ನುತ್ತಾಳೆ ಬೊಕ್ಕಬಾಯಿ ಅಜ್ಜಿ. ಗುಂಪಿನಲ್ಲಿ ಹಿರಿಯಳು ಅವಳೇ. ಬಾಯಲ್ಲಿ ಹಲ್ಲಿಲ್ಲ, ಮಾತಿಗೆ ಮಾತ್ರ ಬರವಿಲ್ಲ. ಹೆಂಗಸರು ನಗುತ್ತಾರೆ. ಸಿಡುಕಿ ನಗುವುದಿಲ್ಲ. ಲೋಟವನ್ನು ಮುದುರಿ ಕಿಟಕಿಯ ಒಳಗೇ ಎಸೆಯುತ್ತಾಳೆ.

ಅಜ್ಜಿಗೆ ಇಳಿಜಾರಿನ ನಡುವೆ ಒಂದೇ ಜಾಗದಲ್ಲಿ ಸುಸ್ತಾಗುತ್ತದೆ. ಅಲ್ಲಿ ಬುಟ್ಟಿ ಇಳಿಸುತ್ತಾಳೆ, ಸೊಂಟ ಹಿಡಿದು ಕೂರುತ್ತಾಳೆ, ಏಳುವಾಗ ಬುಟ್ಟಿ ಖಾಲಿ. ಇನ್ನೊಬ್ಬಳಿದ್ದಾಳೆ, ಎಡವಟ್ಟಿ ಅಂತ. ಒಡ್ಡಿನ ಅಂಚಿಗೆ ಬಂದಾಗಲೆಲ್ಲ ಎಡವುತ್ತಾಳೆ, ಬುಟ್ಟಿ ಚೆಲ್ಲುತ್ತಾಳೆ, ಮೇಸ್ತ್ರಿಯ ಕೈಯಲ್ಲಿ ಬೈಸಿಕೊಳ್ಳುತ್ತಾಳೆ. ನಾಳೆ ಮತ್ತೆ ಅಲ್ಲೇ ಎಡವುತ್ತಾಳೆ. ಇದನ್ನೆಲ್ಲ ನೋಡುವಷ್ಟು ಪುರುಸೊತ್ತು ಸಿಡುಕಿಗಿರಲಿಲ್ಲ. ಅವಳಿಗೆ ಅವಳದೇ ಕಳ್ಳತನವಿತ್ತು.

ಗೊಬ್ಬರ ನಾಲ್ಕು ಬೆರಳು ದಪ್ಪ ಹರಡಬೇಕು, ಜಾಸ್ತಿ ಬೇಡ ಅಂತ ಸಾಹೇಬ ಹೇಳಿದ್ದ. ಸಿಡುಕಿ ಎಲ್ಲ ಕಡೆ ನಾಲ್ಕೇ ಬೆರಳು ಹರಡುತ್ತಿದ್ದಳು. ಒಂದು ಕಡೆ ಮಾತ್ರ ಅಲ್ಲ. ಹಳೇ ಕರೆಂಟು ಟವರೊಂದು ಅರ್ಧ ಬೂದಿಯಲ್ಲಿ ಹೂತು ನಿಂತಿದೆ. ಅದಕ್ಕೆ ಬೆನ್ನು ಕೊಟ್ಟು, ದೊಡ್ಡ ಚಿಮಣಿಯನ್ನು ಮೂಗಿನ ನೇರಕ್ಕೆ ಇಟ್ಟುಕೊಂಡು ನಡೆಯಬೇಕು. ಎಡಗಡೆಯ ನೀರಿನ ಟ್ಯಾಂಕು ಗೋದಾಮಿನ ಹಿಂದೆ ಮರೆಯಾಗುವ ಕಡೆ ನಿಲ್ಲಬೇಕು. ಅಲ್ಲಿ, ಕಾಲ ಕೆಳಗೆ, ಬೂದಿಯ ಅಡಿಯಲ್ಲಿ, ಅವಳ ಮಗಳಿದ್ದಾಳೆ.

ಹೊಂಡ ಕಟ್ಟಿದ್ದು ಕೇರಿಯ ಮಸಣದ ಮೇಲೆ. ಕೇರಿಯವರು ಹೂಳುವವರು. ತಲೆಯ ಕಡೆಗೆ ಒಂದು ಕಾಡುಕಲ್ಲು, ನಾಯಿ ಕೆದರದ ಹಾಗೆ ಮೇಲೆ ಒಂದಿಷ್ಟು ಮುಳ್ಳು, ಅಷ್ಟೇ. ಹೆಸರು ಕೆತ್ತಿಸುವ ತಾಕತ್ತು ಯಾರಿಗಿತ್ತು? ಅಳೆಯಲು ಬಂದವರು ಕಲ್ಲು ಮುಳ್ಳು ನೋಡಿ ಖಾಲಿ ಜಾಗ ಅಂದರು. ಕೇರಿಯವರು ಹೋಗಿ ಖಾಲಿ ಅಲ್ಲ ಸ್ವಾಮಿ, ತುಂಬಿದೆ ಅಂದರು. ಹಾಗಾದರೆ ಎಬ್ಬಿಸಿಕೊಂಡು ಹೋಗಿ ಅಂದರು ಅಳೆಯುವವರು. ಯಾರನ್ನು ಎಬ್ಬಿಸುವುದು?

ಪೈಪಿನಲ್ಲಿ ಮೊದಲ ಬೂದಿ ಬಂದ ಬೆಳಿಗ್ಗೆ ಸಿಡುಕಿ ಒಡ್ಡಿನ ಮೇಲೆ ನಿಂತಿದ್ದಳು. ಮಗಳನ್ನು ಮಣ್ಣು ಮಾಡಿ ಒಂದು ಮಳೆಗಾಲವೂ ಕಳೆದಿರಲಿಲ್ಲ. ಕೆಳಗೆ ಎರಡು ಹಲ್ಲು ಮೂಡಿದ್ದ ಮಗು. ಬೂದು ಗಂಜಿ ನಿಧಾನವಾಗಿ ಹರಡುತ್ತ ಬಂತು. ಕಲ್ಲಿನ ಬುಡ ಮುಟ್ಟಿತು, ಸುತ್ತ ತಿರುಗಿತು, ಮುಳ್ಳನ್ನು ತೇಲಿಸಿತು, ಕಲ್ಲಿನ ನೆತ್ತಿ ಮುಚ್ಚಿತು. ಅವಳು ಓಡಿಹೋಗಿ ಇಳಿಯಬೇಕು ಅಂದುಕೊಂಡಳು. ಕಾವಲಿನವನು ರಟ್ಟೆ ಹಿಡಿದುಕೊಂಡಿದ್ದ.

ಆ ಜಾಗದಲ್ಲಿ ಅವಳು ದಿನಕ್ಕೊಂದು ಬುಟ್ಟಿ ಹೆಚ್ಚಿಗೆ ಸುರಿದಳು. ಬೂದಿಯ ಅಡಿ ಮಲಗಿದವಳ ಮೇಲೆ ಹುಲ್ಲಾದರೂ ಇರಲಿ. ಬೇರೆಯವರ ಮೇಲಿನದಕ್ಕಿಂತ ಒಂದು ಗೇಣು ಜಾಸ್ತಿ ಇರಲಿ. ತಾಯಿ ಮಗುವಿಗೆ ಅನ್ನ ಬಡಿಸುವಾಗ ಒಂದು ತುತ್ತು ಹೆಚ್ಚಿಗೆ ಹಾಕುತ್ತಾಳಲ್ಲ, ಹಾಗೆ ಹಾಕಿದಳು. ಮೇಸ್ತ್ರಿ ನೋಡಿದ. ನೋಡಿ ಬೇರೆ ಕಡೆ ಮುಖ ತಿರುಗಿಸಿದ. ಅವನಿಗೂ ಆ ಜಾಗ ಗೊತ್ತಿತ್ತು. ಗುಂಡಿ ತೋಡಿದವನು ಅವನೇ.

ಹುಲ್ಲು ಬಂತು. ಮಳೆ ಬಿದ್ದ ಮೇಲೆ ಗುಡ್ಡವೆಲ್ಲ ಹಸಿರಾಯಿತು. ಅವಳ ಜಾಗದಲ್ಲಂತೂ ಹುಲ್ಲು ಕಪ್ಪು ಹಸಿರಾಗಿ, ಮೊಳಕಾಲೆತ್ತರ, ಗಾಳಿಗೆ ಬಾಗುವಷ್ಟು ಸೊಂಪಾಗಿ ಬೆಳೆಯಿತು. ಸಾಹೇಬನಿಗೆ ಕಣ್ಣು ತುಂಬಿತು. ಅಲ್ಲೊಂದು ಕಲ್ಲುಬೆಂಚು ಹಾಕಿಸಿದ. ದೊಡ್ಡ ಮನುಷ್ಯರು ಬಂದರೆ ಅಲ್ಲಿಗೇ ಕರೆತರುತ್ತಿದ್ದ. ಬೂಟುಗಾಲಿನವರು ಆ ಹುಲ್ಲಿನಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಒಬ್ಬ ಸಿಗರೇಟು ಹೊಸಕಿ ಆರಿಸಿದ. ಸಿಡುಕಿ ತಲೆಯ ಮೇಲೆ ಬುಟ್ಟಿ ಹೊತ್ತು ಪಕ್ಕದಲ್ಲೇ ಹಾದುಹೋದಳು. ಹಲ್ಲು ಕಚ್ಚಿಕೊಂಡು ಹೋದಳು. ಬಾಯಿ ಬಿಟ್ಟರೆ ಹೆಚ್ಚಿಗೆ ಹಾಕಿದ ಬುಟ್ಟಿಯ ವಿಷಯ ಹೊರಗೆ ಬರುತ್ತದೆ. ಕೆಲಸ ಹೋಗುತ್ತದೆ. ಮೇಲೆ ಹತ್ತಲು ಬಿಡುವುದಿಲ್ಲ. ಮಗಳ ಹತ್ತಿರ ಹೋಗಲು ಅವಳಿಗೆ ಇದ್ದ ದಾರಿ ಈ ಬುಟ್ಟಿಯೊಂದೇ.

ಮರುವರ್ಷ ಕೇರಿಯ ಬೋರ್‌ವೆಲ್ ನೀರು ಬಣ್ಣ ತಿರುಗಿತು. ಹೊಂಡ ಬಂದಾಗಿನಿಂದಲೂ ಆ ನೀರಿಗೊಂದು ಕೆಟ್ಟ ರುಚಿ ಇತ್ತು. ಈಗ ಅದು ಬೇರೆಯವರ ಲೋಟದಲ್ಲಿ ಉಳಿದ ಚಹಾದ ಹಾಗೆ ಕಾಣತೊಡಗಿತು. ಅತ್ತೆಯ ಅಂಗೈ ಮೊದಲೇ ಗಂಟು ಗಂಟಾಗಿತ್ತು. ಈಗ ಒಡೆದು, ಮುಷ್ಟಿ ಕಟ್ಟಲು ಬಾರದ ಹಾಗಾಯಿತು. "ನಿನ್ನ ಅಡುಗೆ ತಿಂದೂ ತಿಂದೂ ಹೀಗಾದೆ ಕಣೇ" ಅಂತ ತಮಾಷೆ ಮಾಡಿದಳು ಮುದುಕಿ. ಅನ್ನ ಕಲಸಲು ಆಗದೆ ಸೊಸೆಯ ಕೈಯಿಂದ ತುತ್ತು ತಿನ್ನುವಾಗ ಮಾತ್ರ ಮುಖ ಗೋಡೆಯ ಕಡೆ ತಿರುಗಿಸುತ್ತಿದ್ದಳು.

ಆಮೇಲೆ ಕೇರಿಗೆ ಬಾಟ್ಲಿ ಮೇಡಂ ಬಂದಳು. ಕಾರ್ಖಾನೆಯ ನೀರು ಪರೀಕ್ಷೆ ಮಾಡುವವಳು. ಬೋರ್‌ವೆಲ್ಲಿನ ನೀರು ಬಾಟ್ಲಿಗೆ ಹಿಡಿದುಕೊಂಡು ಹೋದಳು. ವಾರ ಬಿಟ್ಟು ಇಬ್ಬರು ಆಳು ಬಂದು ಬೋರ್‌ವೆಲ್ಲಿನ ಕೈಯನ್ನು ಬಿಚ್ಚಿ, ಕೆಂಪು ಬಣ್ಣ ಬಳಿದು ಹೋದರು. ಏನು, ಎತ್ತ, ಒಂದು ಮಾತಿಲ್ಲ. ಹೆಂಗಸರು ಕೊಡ ಹಿಡಿದು ಊರಿನ ನಲ್ಲಿಗೆ ಹೋದರು. "ಮೊದಲು ನಮ್ಮದು ಆಗಲಿ. ನಿಮ್ಮ ಕೊಡ ನಲ್ಲಿಗೆ ತಾಗಬಾರದು" ಅಂದರು ಊರಿನ ಹೆಂಗಸರು. ಅವರದು ಆಗುವಷ್ಟರಲ್ಲಿ ನೀರು ನಿಂತಿತು. ಕೇರಿಯವರು ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ವಾಪಸು ಬಂದರು. ದಿನವೂ ಅದೇ ಆಯಿತು. ಕೆಂಪು ಬಣ್ಣ ಒಣಗುವ ಮುಂಚೆಯೇ ಕೆಲವರು ಬೋರ್‌ವೆಲ್ಲಿಗೆ ಸಪೂರ ಡಬ್ಬ ಕಟ್ಟಿದ ಹಗ್ಗ ಇಳಿಬಿಟ್ಟು ಅದೇ ನೀರನ್ನು ಸೇದತೊಡಗಿದರು. ಕೆಂಪು ಅಂದರೆ ವಿಷ ಅಂತ ಗೊತ್ತಿದ್ದರೂ ಮಗು ಬಾಯಾರಿದರೆ ಏನು ಮಾಡುವುದು?

ಒಂದು ಮಧ್ಯಾಹ್ನ ಮೇಡಂ ಸಿಡುಕಿಯನ್ನು ಗೊಬ್ಬರದ ಶೆಡ್ಡಿನ ಹಿಂದೆ ಕರೆದಳು. ಚಿಕ್ಕ ಪ್ರಾಯದವಳು. ಮಾತಾಡುವಾಗ ಹಿಂದೆ ಮುಂದೆ ನೋಡುತ್ತಿದ್ದಳು.

"ಬೆಂಚಿನ ಹತ್ತಿರ ಗೊಬ್ಬರ ಜಾಸ್ತಿ ಹಾಕಿದ್ದು ನೀನಾ?"

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ, ಆ ಕಡೆ ದಿನಾ ಹೋಗೋದು ನೀನು. ಸಾಹೇಬರು ಅಲ್ಲಿ ಚುಚ್ಚಿ ನೋಡು ಅಂದ್ರು. ನೋಡಿದೆ. ಗೊಬ್ಬರ ಮೊಳದಷ್ಟು ದಪ್ಪ ಇದೆ. ಅದರ ಕೆಳಗಿಂದ ಒಡ್ಡಿನ ಬುಡದಲ್ಲಿ ಒಸರೋ ನೀರೇ ಎಲ್ಲಕ್ಕಿಂತ ಕೆಟ್ಟದ್ದು."

"ಗೊಬ್ಬರ ಹಾಕಿದ್ರೆ ನೀರು ಕೆಡುತ್ತಾ? ಹೊಲಕ್ಕೆಲ್ಲ ಹಾಕಲ್ವಾ?"

"ಹೊಲ ಬೇರೆ, ಬೂದಿ ಬೇರೆ. ಬೂದಿಯಲ್ಲಿ ಸೀಸ, ಆರ್ಸೆನಿಕ್, ಇನ್ನೂ ಏನೇನೋ ಇರುತ್ತೆ, ಚೂರು ಚೂರು. ಆರ್ಸೆನಿಕ್ ಅಂದ್ರೆ ಪಾಷಾಣ. ಗೊಬ್ಬರ ಹಾಕಿದಾಗ ಸೀಸದಂಥದ್ದು ಗೊಬ್ಬರಕ್ಕೇ ಅಂಟಿಕೊಂಡು ನಿಲ್ಲುತ್ತೆ. ಅದು ಒಳ್ಳೇದೇ. ಪಾಷಾಣ ಹಾಗಲ್ಲ. ಅದು ಬೂದಿಗೆ ಅಂಟಿಕೊಂಡು ಕೂತಿರುತ್ತೆ. ಗೊಬ್ಬರದ ರಸ ಇಳಿದು ಅದರ ಜಾಗ ಹಿಡಿದಾಗ, ಅದು ಬಿಟ್ಟು ನೀರಿಗೆ ಬರುತ್ತೆ."

ಸಿಡುಕಿ ಗೋಡೆಗೆ ಒರಗಿದಳು. ಗೋಡೆ ಬಿಸಿಯಾಗಿತ್ತು. ಅವಳಿಗೆ ಆ ಬಿಸಿ ತಿಳಿಯಲಿಲ್ಲ. ಗೊಬ್ಬರದ ರಸ ಇಳಿಯುತ್ತದೆ. ಎಲ್ಲಿಗೆ ಇಳಿಯುತ್ತದೆ? ಬೂದಿಯೊಳಗಿಂದ ಕಲ್ಲಿನ ಮೇಲೆ. ಕಲ್ಲಿನ ಕೆಳಗೆ ಮಲಗಿದವಳ ಮೇಲೆ. ಅಲ್ಲಿಂದ ಬೋರ್‌ವೆಲ್ಲಿಗೆ. ಬೋರ್‌ವೆಲ್ಲಿನಿಂದ ಅತ್ತೆಯ ಲೋಟಕ್ಕೆ. ಪ್ರೀತಿಯಿಂದ ಹಾಕಿದ್ದು ಹಾಗೆ ಸುತ್ತಿ ಮನೆಗೆ ಬಂದಿತ್ತು.

"ನಾನೇ ಮಾಡಿದ್ನಲ್ಲ" ಅಂದಳು.

"ಕೇಳಿಲ್ಲಿ." ಮೇಡಂ ಇನ್ನೂ ಹತ್ತಿರ ಬಂದಳು. "ಗುಡ್ಡಕ್ಕೆ ಗೊಬ್ಬರ ಹಾಕೋಕೆ ಮುಂಚೆಯೇ ಡ್ರಮ್ಮುಗಳಲ್ಲಿ ಹಾಕಿ ನೋಡಿದ್ವಿ. ಒಂದರಲ್ಲಿ ಬರೀ ಬೂದಿ, ಒಂದರಲ್ಲಿ ಬೂದಿ ಮೇಲೆ ಗೊಬ್ಬರ. ನೀರು ಹೊಯ್ದು ತಳದಿಂದ ಹಿಡಿದ್ವಿ. ಆವಾಗಲೇ ಗೊತ್ತಾಗಿತ್ತು. ನಾಲ್ಕು ಬೆರಳು ಹಾಕಿದ್ರೂ ಪಾಷಾಣ ಇಳಿಯುತ್ತೆ, ಹೊಂಡದ ತಳಕ್ಕೆ ನೀರು ಇಂಗದ ಹಾಗೆ ಏನೂ ಹಾಸಿಲ್ಲ, ಕೆಳಗೆ ಕೇರಿ ಇದೆ ಅಂತ ಸಾಹೇಬರಿಗೆ ಹೇಳಿದೆ. ತಳಕ್ಕೆ ಹಾಸಿದ್ದಿದ್ರೆ ನೀನು ಎಷ್ಟು ಹಾಕಿದ್ರೂ ನಿಮ್ಮ ಬೋರ್‌ವೆಲ್ಲಿಗೆ ಬರ್ತಿರ್ಲಿಲ್ಲ."

"ಅದಕ್ಕೆ ಏನಂದ?"

"ಮಳೆಗಾಲದೊಳಗೆ ಹುಲ್ಲು ಕಾಣ್ಬೇಕು ಅಂದ್ರು."

"ಇದನ್ನ ಎಲ್ಲರ ಮುಂದೆ ಹೇಳಿ ಮೇಡಂ."

ಮೇಡಂ ಬಾಟ್ಲಿಗಳ ಪೆಟ್ಟಿಗೆಯನ್ನು ಎತ್ತಿಕೊಂಡಳು. "ನಾನು ಹೇಳ್ದೆ ಅಂತ ಎಲ್ಲೂ ಬಾಯಿ ಬಿಡ್ಬೇಡ. ನನಗೂ ಮನೆ ಇದೆ." ಸರಸರನೆ ಹೋಗಿಬಿಟ್ಟಳು. ಅವಳ ಕಾಲಲ್ಲೂ ಬೂಟಿತ್ತು.

ಸಂಜೆ ಮೇಸ್ತ್ರಿ ಮನೆಗೆ ಬಂದ. ಹೊಸ್ತಿಲ ಹೊರಗೆ ಬೂಟು ಬಿಟ್ಟು, ತಾಯಿಯ ಪಕ್ಕ ಕೂತ.

"ನಾಳೆ ತನಿಖೆಗೆ ಬರ್ತಾರೆ" ಅಂದ. "ಮೇಲಿನವರು. ನೀರು ಯಾಕೆ ಕೆಟ್ಟಿತು ಅಂತ ಕೇಳ್ತಾರೆ. ಕೆಲಸದವರು ಹೇಳಿದ ಮಾತು ಕೇಳದೆ ಗೊಬ್ಬರ ಜಾಸ್ತಿ ಸುರಿದ್ರು ಅಂತ ಸಾಹೇಬ್ರು ಹೇಳ್ತಾರೆ. ನೀನು ಹೌದು ಅನ್ಬೇಕು."

"ಅಂದ್ರೆ?"

"ಅಂದ್ರೆ ನೀರಿನ ಟ್ಯಾಂಕರ್ ಬರುತ್ತೆ. ಬೆಳಿಗ್ಗೆಯೇ ಗೇಟಿನ ಹತ್ರ ತಂದು ನಿಲ್ಲಿಸಿರ್ತಾರೆ. ನೀನು ಹೇಳಿದ ತಕ್ಷಣ ಕೇರಿಗೆ ಬಿಡ್ತಾರೆ. ದಿನಾ ಬಿಡ್ತಾರೆ."

"ಅನ್ನದಿದ್ರೆ?"

ಮೇಸ್ತ್ರಿ ಮೂಲೆಯ ಕಡೆ ನೋಡಿದ. ಅಲ್ಲಿ ಖಾಲಿ ಕೊಡವಿತ್ತು.

"ಇಷ್ಟೇನಾ ಭಾವ, ಇನ್ನೂ ಇದೆಯಾ?"

"ಆ ಬೆಂಚಿನ ಜಾಗದ ಹುಲ್ಲು ಗೊಬ್ಬರ ಎಲ್ಲ ಕೆರೆದು ತೆಗೀಬೇಕು. ಅದರ ಮೇಲೆ ಹೊಸ ಬೂದಿ ಬಿಡ್ತಾರಂತೆ." ಅವನು ತಲೆ ಎತ್ತಲಿಲ್ಲ. "ಕೆರೆಯೋದು ನೀವೇ. ಮಷೀನು ಹತ್ತಲ್ಲ ಅಲ್ಲಿ."

"ನನ್ನ ಮಗಳ ಮೇಲಿನ ಹುಲ್ಲು ನಾನೇ ಕೆರೀಬೇಕು."

"ನೋಡಮ್ಮ, ನೀನು ಹಾಕಿದ್ದು ಸುಳ್ಳಲ್ಲವಲ್ಲ. ನಾನು ನೋಡಿಯೂ ಸುಮ್ಮನಿದ್ದೆ. ಅದೇ ತಪ್ಪಾಯ್ತು. ಸತ್ತವರಿಗೆ ಹುಲ್ಲು ಬೇಕಾ, ಬದುಕಿರೋರಿಗೆ ನೀರು ಬೇಕಾ, ನೀನೇ ಹೇಳು."

ಅವನು ಹೇಳಿದ್ದು ನಿಜ. ಸುಳ್ಳು ಹೇಳು ಅಂದಿದ್ದರೆ ಸಿಡುಕಿ ಮುಖಕ್ಕೆ ಉಗಿದು ಕಳಿಸುತ್ತಿದ್ದಳು. ಇವರು ಅವಳ ಬಾಯಿಂದ ನಿಜವನ್ನೇ ಹೇಳಿಸುತ್ತಿದ್ದರು. ಅರ್ಧ ನಿಜವನ್ನು. ಉಳಿದರ್ಧವನ್ನು ಬೂದಿಯಡಿ ಹೂತುಬಿಡುತ್ತಾರೆ, ಅದು ಅವರಿಗೆ ರೂಢಿಯಾದ ಕೆಲಸ.

ಅತ್ತೆ ಮಗನ ಕಡೆ ತಿರುಗಿ, ಮಡಚಲಾರದ ಕೈಯಿಂದ ಹೊಸ್ತಿಲ ಹೊರಗಿನ ಬೂಟು ತೋರಿಸಿದಳು.

"ಮನೆ ಅಂದ್ರೆ ಅದನ್ನ ಹೊರಗೆ ಬಿಡ್ತೀಯ. ಮೇಲೆ ನಿಮ್ಮಪ್ಪನ ಎದೆ ಮೇಲೆ ಹಾಕ್ಕೊಂಡೇ ಓಡಾಡ್ತೀಯಲ್ಲೋ."

ಮೇಸ್ತ್ರಿ ಎದ್ದುಹೋದ. ಬೂಟಿನ ಲಾಡಿ ಕಟ್ಟದೆ ಎಳೆದುಕೊಂಡೇ ಹೋದ.

ಮರುದಿನ ಬೆಳಿಗ್ಗೆ ಟ್ಯಾಂಕರ್ ಗೇಟಿನ ಹತ್ತಿರ ನಿಂತಿತ್ತು. ನಲ್ಲಿಯಿಂದ ತೊಟ್ಟಿಕ್ಕುತ್ತ ನಿಂತಿತ್ತು. ಕೇರಿಯ ಮಕ್ಕಳು ಪಾತ್ರೆ, ಡಬ್ಬ, ಬಕೆಟ್ಟು ಹಿಡಿದು ಬೇಲಿಯ ಆಚೆ ಸಾಲಾಗಿ ಕೂತಿದ್ದರು. ಅವರನ್ನು ದಾಟಿಕೊಂಡೇ ಹೆಂಗಸರು ಕೆಲಸಕ್ಕೆ ಹತ್ತಬೇಕಿತ್ತು. ಯಾರೂ ಸಿಡುಕಿಗೆ ಹೀಗೆ ಹೇಳು, ಹಾಗೆ ಹೇಳು ಅನ್ನಲಿಲ್ಲ. ಅನ್ನದಿದ್ದದ್ದೇ ಅವಳ ಹೆಗಲ ಮೇಲೆ ಕೂತಿತು. ಅವತ್ತು ಬುಟ್ಟಿಯ ಜೊತೆ ಸಲಿಕೆಯನ್ನೂ ಕೊಟ್ಟಿದ್ದರು, ಕೆರೆಯಲು.

ಮೇಲಿನವರು ಮೂರು ಜನ. ಅವರಲ್ಲಿ ದೊಡ್ಡವನು ಕನ್ನಡಕದವನು. ಸಾಹೇಬ ಅವರನ್ನು ಬೆಂಚಿನ ಹತ್ತಿರ ಕರೆತಂದು ನಿಲ್ಲಿಸಿದ. ಬಾಟ್ಲಿ ಮೇಡಂ ಹಿಂದೆ ನಿಂತು ನೆಲ ನೋಡುತ್ತಿದ್ದಳು. ಹೆಂಗಸರು ಇಳಿಜಾರಿನಲ್ಲಿ ಬುಟ್ಟಿ ಇಳಿಸಿ ನಿಂತರು.

"ಹೇಳಮ್ಮ, ಹೆದರ್ಬೇಡ" ಅಂದ ಕನ್ನಡಕದವನು. "ಇಲ್ಲಿ ಗೊಬ್ಬರ ಜಾಸ್ತಿ ಹಾಕಿದ್ದು ನೀನೇನಾ?"

"ನಾನೇ."

ಸಾಹೇಬನ ಉಸಿರು ಹಗುರಾಗಿದ್ದು ಎಲ್ಲರಿಗೂ ಕೇಳಿಸಿತು. "ನೋಡಿದ್ರಾ ಸರ್. ನಾಲ್ಕು ಬೆರಳು ಅಂತ ಬಾಯಿ ಬಡ್ಕೊಂಡಿದ್ವಿ. ಹೇಳಿದ್ದು ತಲೆಗೆ ಹತ್ತೋ ಜನ ಅಲ್ಲ ಇವ್ರು."

"ಯಾಕೆ ಹಾಕ್ದೆ ಅಂತ ಕೇಳಿ" ಅಂದಳು ಸಿಡುಕಿ.

"ಸಾಕಮ್ಮ. ನೀನು ಹೋಗು" ಅಂದ ಸಾಹೇಬ.

"ಹೋಗಲ್ಲ. ಕೇಳಿ."

ಯಾರೂ ಕೇಳಲಿಲ್ಲ. ಕನ್ನಡಕದವನು ಆಗಲೇ ಬೇರೆ ಕಡೆ ನೋಡುತ್ತಿದ್ದ. ಮಾತಾಡುತ್ತ ಬೂಟಿನ ತುದಿಯಿಂದ ಒಂದು ಹುಲ್ಲಿನ ಬುಡವನ್ನು ಒದ್ದು ಸಡಿಲ ಮಾಡುತ್ತಿದ್ದ. ಒಂದು ಸಲ. ಇನ್ನೊಂದು ಸಲ. ಬೇರು ಮೇಲೆದ್ದಿತು. ಸಿಡುಕಿಯ ಒಳಗೆ ಏನೋ ಕಿತ್ತುಬಂತು.

"ಬೂಟು ಬಿಚ್ಚಿ!"

ಅವಳ ಕೂಗಿಗೆ ಕೆಳಗೆ ಬೇಲಿಯ ಹತ್ತಿರ ಕೂತ ಮಕ್ಕಳೂ ಎದ್ದು ನಿಂತರು.

"ಏನಂದೆ?" ಅಂದ ಕನ್ನಡಕದವನು.

"ಬೂಟು ಬಿಚ್ಚಿ ಅಂದೆ. ನಿಮ್ಮ ಕಾಲ ಕೆಳಗೆ ನನ್ನ ಮಗಳಿದ್ದಾಳೆ. ಎರಡು ಹಲ್ಲು ಬಂದಿತ್ತು ಅವಳಿಗೆ. ಇದು ನಮ್ಮ ಮಸಣ. ಬೇಡ ಅಂತ ಕಾಲು ಹಿಡಿದ್ರೂ ಅವಳ ಮೇಲೆ ಬೂದಿ ಬಿಟ್ರಿ. ನಾನು ಅವಳ ಮೇಲೆ ಒಂದು ಬುಟ್ಟಿ ಗೊಬ್ಬರ ಹೆಚ್ಚಿಗೆ ಹಾಕ್ದೆ. ಹೌದು, ಹಾಕ್ದೆ. ಅದಕ್ಕೆ ನೀರು ಕೆಟ್ಟಿತು. ಅದೂ ಹೌದು. ನಮ್ಮತ್ತೆ ಕೈ ಕೊಳೀತಿದೆ, ಅದಕ್ಕೆ ನಾನು ಸಾಯೋವರೆಗೂ ಅಳ್ತೀನಿ. ನಾನು ಅಳ್ತೀನಿ, ನೀವು ಯಾವಾಗ ಅಳ್ತೀರಿ? ತಳಕ್ಕೆ ಏನೂ ಹಾಸ್ದೆ ಬೂದಿ ಬಿಟ್ಟೋರು ನೀವು. ಗೊಬ್ಬರ ಹಾಕಿದ್ರೆ ವಿಷ ಇಳಿಯುತ್ತೆ ಅಂತ ಗೊತ್ತಿದ್ದೂ ನನ್ನ ತಲೆ ಮೇಲೆ ಬುಟ್ಟಿ ಇಟ್ಟೋರು ನೀವು."

"ಗೊತ್ತಿತ್ತು ಅಂತ ಯಾರು ಹೇಳಿದ್ದು ನಿನಗೆ?" ಸಾಹೇಬನ ಮುಖ ಕೆಂಪಾಯಿತು. "ಯಾರು?"

ಸಿಡುಕಿ ಮೇಡಂ ಕಡೆ ನೋಡಲಿಲ್ಲ. ಹೆಸರು ಹೇಳಿದರೆ ಹುಡುಗಿಯ ಅನ್ನ ಹೋಗುತ್ತದೆ. ಹೇಳದಿದ್ದರೆ ತನ್ನ ಮಾತು ಗಾಳಿಗೆ ಹೋಗುತ್ತದೆ. ಅವಳು ಬಾಯಿ ಮುಚ್ಚಿಕೊಂಡಳು. ಮೇಡಂ ಕಣ್ಣಲ್ಲಿ ನೀರು ಬಂತು. ಬಾಯಿ ಮಾತ್ರ ತೆರೆಯಲಿಲ್ಲ.

"ಬಾಯಿಗೆ ಬಂದ ಹಾಗೆ ಒದರ್ತಾಳೆ ಸರ್, ಮಸಣ ಗಿಸಣ ಏನೂ ಇರಲಿಲ್ಲ, ಖಾಲಿ ಜಾಗ ಅಂತ ಕಾಗದದಲ್ಲೇ ಇದೆ" ಅಂದ ಸಾಹೇಬ. "ಮೇಸ್ತ್ರಿ, ಕೆರೆಯೋಕೆ ಹೇಳಯ್ಯ ಇವರಿಗೆ."

ಸಿಡುಕಿ ಸಲಿಕೆಯನ್ನು ದೂರ ಎಸೆದಳು. ಹುಲ್ಲಿನ ನಡುವೆ ಕೂತುಬಿಟ್ಟಳು. "ಕೆರೆಯಲ್ಲ. ಕೆರೆಯೋದಾದ್ರೆ ನನ್ನನ್ನೂ ಸೇರಿಸಿ ಕೆರೀರಿ."

ಸಾಹೇಬ ಹೆಂಗಸರ ಕಡೆ ತಿರುಗಿದ. "ನೀವಾದ್ರೂ ಬನ್ನಿ. ಕೆಳಗೆ ನೀರು ಕಾಯ್ತಿದೆ."

ಬೊಕ್ಕಬಾಯಿ ಅಜ್ಜಿ ಸೊಂಟ ಹಿಡಿದುಕೊಂಡು ಮುಂದೆ ಬಂದಳು. ಬೆಂಚಿನ ಹತ್ತಿರ ಬರಲಿಲ್ಲ. ಇಳಿಜಾರಿನ ನಡುವೆ, ದಿನವೂ ಸುಸ್ತಾಗುವ ಜಾಗಕ್ಕೆ ಹೋಗಿ ನಿಂತಳು.

"ನಾನೂ ಹಾಕಿದೀನಪ್ಪ ಹೆಚ್ಚಿಗೆ" ಅಂದಳು. "ಇಲ್ಲಿ ನಮ್ಮ ಯಜಮಾನ್ರಿದ್ದಾರೆ. ಇದ್ದಾಗ ಒಂದು ದಿನ ಹೊಟ್ಟೆ ತುಂಬ ತಿನ್ನಲಿಲ್ಲ ಪಾಪ."

ಎಡವಟ್ಟಿ ಒಡ್ಡಿನ ಅಂಚಿಗೆ ನಡೆದಳು. ಅವತ್ತು ಎಡವಲಿಲ್ಲ. "ನಮ್ಮಕ್ಕ" ಅಂದಳು. ಅಷ್ಟೇ ಅಂದಳು.

ಆಮೇಲೆ ಒಬ್ಬೊಬ್ಬಳೇ ಕದಲಿದಳು. ಒಬ್ಬಳು ಟವರಿನ ಬಲಕ್ಕೆ, ಒಬ್ಬಳು ಬೂದಿಯಿಂದ ಒಂದು ಬಂಡೆಯ ನೆತ್ತಿ ಹೊರಗೆ ಕಾಣುವ ಕಡೆಗೆ, ಇಬ್ಬರು ಅಕ್ಕಪಕ್ಕದಲ್ಲಿ. ಚಿಮಣಿ ನೋಡಿ, ಟ್ಯಾಂಕು ನೋಡಿ, ಅರ್ಧ ಹೆಜ್ಜೆ ಆಚೀಚೆ ಸರಿದು, ತಮ್ಮ ತಮ್ಮ ಜಾಗ ಹಿಡಿದು ನಿಂತರು. ಆಗ ಕನ್ನಡಕದವನಿಗೂ ಕಾಣಿಸಿತು. ಗುಡ್ಡದ ಹುಲ್ಲು ಒಂದೇ ಹಸಿರಾಗಿರಲಿಲ್ಲ. ಎಲ್ಲೆಲ್ಲಿ ಒಬ್ಬ ಹೆಂಗಸು ನಿಂತಿದ್ದಳೋ ಅಲ್ಲೆಲ್ಲ ಅದು ಕಪ್ಪಗೆ, ಎತ್ತರಕ್ಕೆ ಬೆಳೆದಿತ್ತು. ಒಂದಾಳು ಉದ್ದದ ಪಟ್ಟಿ, ಅರ್ಧ ಆಳು ಉದ್ದದ ಪಟ್ಟಿ. ಬೂದಿಯ ಕೆಳಗಿನ ಮಸಣ ಇದ್ದ ಹಾಗೇ ಮೇಲೆ ಎದ್ದು ಬಂದಿತ್ತು. ಇಷ್ಟು ದಿನ ಒಬ್ಬಳಿಗೂ ಇನ್ನೊಬ್ಬಳ ಬುಟ್ಟಿಯ ವಿಷಯ ಗೊತ್ತಿರಲಿಲ್ಲ. ಸಿಡುಕಿ ಕೂತಲ್ಲಿಂದಲೇ ನೋಡಿದಳು. ಅವಳಿಗೆ ಅಳು ಬಂತು, ನಾನೊಬ್ಬಳೇ ಅಲ್ಲ ಅಂತ. ನಾವೆಲ್ಲ ಸೇರಿ ನಮ್ಮ ನೀರಿಗೆ ವಿಷ ಹಾಕಿದೆವಲ್ಲ ಅಂತ ಇನ್ನಷ್ಟು ಅಳು ಬಂತು.

"ಮೇಸ್ತ್ರಿ!" ಸಾಹೇಬ ಕಿರುಚಿದ. "ಏನು ನೋಡ್ತಾ ನಿಂತಿದೀಯ? ಇಳಿಸು ಇವರನ್ನ!"

ಮೇಸ್ತ್ರಿ ಬಗ್ಗಿದ. ಲಾಡಿಯ ಗಂಟಿಗೆ ಕೈ ಹಾಕಿದ. ಬೂದಿ ಹಿಡಿದು ಗಟ್ಟಿಯಾದ ಗಂಟು, ಬೇಗ ಬಿಚ್ಚಿಕೊಳ್ಳಲಿಲ್ಲ. ಎಲ್ಲರೂ ನೋಡುತ್ತಿದ್ದರು. ಅವನು ಉಗುರಿನಿಂದ ಕೆದಕಿದ, ಎರಡೂ ಕೈಯಿಂದ ಎಳೆದ. ಒಂದು ಬೂಟು ಬಂತು. ಇನ್ನೊಂದು ಬಂತು. ಎರಡನ್ನೂ ಜೋಡಿಸಿ ಸಾಹೇಬನ ಮುಂದಿಟ್ಟ. ಬರಿಗಾಲಲ್ಲಿ ಬಿಸಿ ಬೂದಿ ತುಳಿಯುತ್ತ ಟವರಿನ ಎಡಕ್ಕೆ ಹೋಗಿ, ಅಪ್ಪನ ಮೇಲೆ ನಿಲ್ಲಲಾರದೆ ಪಕ್ಕದಲ್ಲಿ ನಿಂತ. ಅಲ್ಲಿ ಹುಲ್ಲು ತೆಳ್ಳಗಿತ್ತು. ಅವನೊಬ್ಬನೇ ಒಂದು ಬುಟ್ಟಿಯನ್ನೂ ಹೆಚ್ಚಿಗೆ 
ಹಾಕಿಸಿರಲಿಲ್ಲ.

ಸಾಹೇಬ ಗೇಟಿನ ಕಡೆ ಕೈ ಬೀಸಿದ. ಟ್ಯಾಂಕರ್ ಶುರುವಾಯಿತು. ಹಿಂದಕ್ಕೆ ಬಂದು, ತಿರುಗಿ, ರಸ್ತೆ ಹಿಡಿದು ಹೋಯಿತು. ಮಕ್ಕಳು ಸ್ವಲ್ಪ ದೂರ ಡಬ್ಬ ಹಿಡಿದು ಅದರ ಹಿಂದೆ ಓಡಿದರು. ಮೇಲೆ ನಿಂತವರೆಲ್ಲ ಅದನ್ನು ನೋಡಿದರು. ಒಬ್ಬಳೂ ಜಾಗ ಬಿಟ್ಟು ಕದಲಲಿಲ್ಲ.

ಕನ್ನಡಕದವನಿಗೆ ಇಳಿಯುವ ಅವಸರ. ಒಂದು ಹೆಜ್ಜೆ ಇಟ್ಟ. ಎದುರಿಗೆ ಅಜ್ಜಿಯ ಯಜಮಾನ. ಪಕ್ಕಕ್ಕೆ ಸರಿದ. ಅಲ್ಲಿ ಯಾರದೋ ತಾಯಿ. ಎತ್ತಲೂ ಹೆಂಗಸರು, ಎತ್ತಲೂ ಕಪ್ಪು ಹುಲ್ಲು. ಅವನು ಸಾಹೇಬನ ಮುಖ ನೋಡಿದ. ಸಾಹೇಬ ಎತ್ತಿದ ಕಾಲನ್ನು ಎಲ್ಲಿಡಬೇಕೋ ತಿಳಿಯದೆ ನಿಂತಿದ್ದ.

"ಕೆಳಗೆ ಇಳೀಬೇಕು" ಅಂದ ಸಾಹೇಬ. ದನಿ ಇಳಿದಿತ್ತು. "ಎಲ್ಲಿ ಕಾಲಿಡೋದು ಅಂತ ಯಾರಾದ್ರೂ ಹೇಳಿ."

"ಪೈಪು ಬಿಡೋಕೆ ಮುಂಚೆ ಕೇಳ್ಬೇಕಿತ್ತು ಸಾಹೇಬ್ರೆ" ಅಂದಳು ಸಿಡುಕಿ. "ಆವಾಗ ಒಂದೊಂದೇ ತೋರಿಸ್ತಿದ್ವಿ."

ಬಿಸಿಲು ಏರುತ್ತಿತ್ತು. ಅವಳಿಗೆ ಬಾಯಾರಿಕೆಯಾಗಿತ್ತು. ಕಿತ್ತುಬಂದ ಹುಲ್ಲಿನ ಬುಡವನ್ನು ಮತ್ತೆ ಅದರ ಜಾಗದಲ್ಲಿಟ್ಟು ಅಂಗೈಯಿಂದ ಒತ್ತಿದಳು, ಅಲ್ಲೇ ಕೂತಳು.